ಬಿಸಿಲು ನಾಡಿನ ಮಕ್ಕಳು, ಮಳೆ ನಾಡಿನ ಕಾಲೇಜು

ಮೇ ತಿಂಗಳು ಬಂದಿತೆಂದರೆ ನಮ್ಮ ಮನೆಗಳಲ್ಲಿ ಎರಡು ನಿರೀಕ್ಷೆಗಳು ಒಟ್ಟಿಗೇ ಹುಟ್ಟಿಕೊಳ್ಳುತ್ತವೆ. ಒಂದು ಮುಂಗಾರಿನದು, ಇನ್ನೊಂದು ಮಕ್ಕಳ ಮುಂದಿನ ಓದಿನದು. ಹೊಲಕ್ಕೆ ಹದವಾದ ಮಳೆ ಬೀಳಲೆಂದು ಮುಗಿಲನ್ನು ನೋಡುವ ಕಣ್ಣುಗಳೇ ಮಗನಿಗೋ ಮಗಳಿಗೋ ಒಳ್ಳೆಯ ಕಾಲೇಜಿನಲ್ಲಿ ಸ್ಥಾನ ದೊರೆಯಲೆಂದು ದಾರಿ ಕಾಯುತ್ತವೆ.

ಕಾಲೇಜನ್ನು ಆರಿಸುವ ಹೊತ್ತಿಗೆ ನಾವು ವಿಚಾರಿಸದ ಸಂಗತಿಯಿಲ್ಲ. ಶುಲ್ಕವೆಷ್ಟು, ಬೋಧಕರು ಹೇಗೆ, ವಸತಿಗೃಹ ಎಷ್ಟು ದೂರ, ಓದು ಮುಗಿದ ಮೇಲೆ ಉದ್ಯೋಗ ದೊರೆಯುವುದೋ ಇಲ್ಲವೋ, ಎಲ್ಲವನ್ನೂ ಹತ್ತು ಜನರಲ್ಲಿ ಕೇಳಿ ತಿಳಿಯುತ್ತೇವೆ. ಆದರೆ ‘ಆ ಊರಿನ ಹವೆ ನಮ್ಮ ಮಗುವಿಗೆ ಒಗ್ಗುವುದೇ?’ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಯಾರಾದರೂ ಕೇಳಿದರೂ ‘ಹವೆಯದೇನು, ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ನಾವೂ ಹಾಗೆ ಹೇಳಿದವರೇ. ಆ ಮಾತಿಗೆ ನಮ್ಮ ಮನೆ ತೆತ್ತ ಬೆಲೆಯನ್ನೂ ಅದರಿಂದ ಕಲಿತ ಪಾಠವನ್ನೂ ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಒಂದೇ ರಾಜ್ಯ, ಎರಡು ಆಕಾಶ

ನಮ್ಮ ರಾಜ್ಯ ಒಂದೇ ಆದರೂ ಅದರ ಮೇಲಿನ ಆಕಾಶ ಒಂದೇ ಅಲ್ಲ. ವಿಜಯಪುರ, ರಾಯಚೂರುಗಳಲ್ಲಿ ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆಯಾಗುತ್ತದೆ. ಕಲಬುರಗಿಯಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು. ಮಂಗಳೂರು, ಉಡುಪಿಗಳಲ್ಲಿ ಈ ಪ್ರಮಾಣ 3,500 ಮಿಲಿಮೀಟರನ್ನು ದಾಟುತ್ತದೆ. ಆಗುಂಬೆಯಲ್ಲಂತೂ 7,000ಕ್ಕೂ ಮಿಕ್ಕಿ ಸುರಿಯುತ್ತದೆ. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುವ ಮಳೆ ಸುಮಾರು 1,000 ಮಿಲಿಮೀಟರು. ಎಂದರೆ ನಮ್ಮ ಕಡೆಯ ಹೊಲ ವರ್ಷವಿಡೀ ಕಾಣದಷ್ಟು ನೀರನ್ನು ಅಲ್ಲಿಯ ಅಂಗಳ ಒಂದೇ ತಿಂಗಳಲ್ಲಿ ಕಾಣುತ್ತದೆ.

ಇದಕ್ಕೆ ಕಾರಣ ಪಶ್ಚಿಮ ಘಟ್ಟ. ಅರಬ್ಬೀ ಸಮುದ್ರದಿಂದ ತೇವವನ್ನು ಹೊತ್ತು ಬರುವ ಮುಂಗಾರು ಗಾಳಿ ಈ ಬೆಟ್ಟದ ಸಾಲಿಗೆ ತಾಗಿ ಮೇಲೇರುತ್ತದೆ, ಮೇಲೇರಿ ತಂಪಾಗುತ್ತದೆ, ತಂಪಾಗಿ ತನ್ನ ಹೊರೆಯನ್ನೆಲ್ಲ ಕರಾವಳಿ, ಮಲೆನಾಡುಗಳಲ್ಲಿಯೇ ಇಳಿಸಿಬಿಡುತ್ತದೆ. ಘಟ್ಟವನ್ನು ದಾಟಿ ಬಯಲುಸೀಮೆಗೆ ಬರುವ ವೇಳೆಗೆ ಅದರ ಕೈ ಬರಿದಾಗಿರುತ್ತದೆ. ಭೂಗೋಳಶಾಸ್ತ್ರದವರು ನಮ್ಮ ಸೀಮೆಯನ್ನು ‘ಮಳೆಯ ನೆರಳು’ ಎಂದು ಕರೆಯುವುದು ಇದಕ್ಕಾಗಿಯೇ.

ಆ ಮಳೆಯ ನಾಡಿನಲ್ಲಿಯೇ ನಮ್ಮ ರಾಜ್ಯದ ಅನೇಕ ಹೆಸರಾಂತ ವಿದ್ಯಾಸಂಸ್ಥೆಗಳಿವೆ ಎಂಬುದನ್ನು ಮರೆಯಲಾಗದು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 1880ರಷ್ಟು ಹಿಂದಿನದು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು 1953ರಲ್ಲಿಯೂ, ಇಂದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಗಿರುವ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು 1960ರಲ್ಲಿಯೂ ಆರಂಭವಾದುವು. ಅರಣ್ಯಶಾಸ್ತ್ರ ಓದಬಯಸುವವರು ಪೊನ್ನಂಪೇಟೆಗೋ ಶಿರಸಿಗೋ, ತೋಟಗಾರಿಕೆ ಓದಬಯಸುವವರು ಮೂಡಿಗೆರೆಗೋ ಹೋಗುವುದುಂಟು. ಕಾರವಾರ, ಮಡಿಕೇರಿಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಹೀಗಿರುವಾಗ ಬಿಸಿಲು ನಾಡಿನ ಮಕ್ಕಳು ಮಳೆ ನಾಡಿಗೆ ಹೋಗುವುದು ಅನಿವಾರ್ಯವೂ ಹೌದು, ಅಪೇಕ್ಷಣೀಯವೂ ಹೌದು.

ಆದರೆ ಜಿಲ್ಲೆಯ ಹೆಸರನ್ನು ನೋಡಿ ಹವೆಯನ್ನು ಅಳೆಯಬಾರದು. ಆಗುಂಬೆ ಇರುವುದು ಶಿವಮೊಗ್ಗ ಜಿಲ್ಲೆಯಲ್ಲಿಯೇ ಆದರೂ ಶಿವಮೊಗ್ಗ ನಗರದ ಮಳೆ ಅದರ ಒಂದು ಸಣ್ಣ ಪಾಲು ಮಾತ್ರ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಶೃಂಗೇರಿ ಮಳೆಯಲ್ಲಿ ಮುಳುಗಿರುವಾಗ ಅದೇ ಜಿಲ್ಲೆಯ ಕಡೂರು ನಮ್ಮ ಬಯಲುಸೀಮೆಯಂತೆಯೇ ಮುಗಿಲು ನೋಡುತ್ತಿರುತ್ತದೆ. ಆದುದರಿಂದ ಕಾಲೇಜು ಇರುವ ಊರು ಘಟ್ಟದ ಯಾವ ಮಗ್ಗುಲಿನಲ್ಲಿದೆ, ಅಂಚಿನಿಂದ ಎಷ್ಟು ದೂರದಲ್ಲಿದೆ ಎಂಬುದನ್ನೇ ಕೇಳಿ ತಿಳಿಯಬೇಕು.

ಏಪ್ರಿಲಿನಲ್ಲಿ ಕಂಡುದು, ಜುಲೈಯಲ್ಲಿ ಕಾಣದುದು

ನಾವು ವಿಜಯಪುರ ಜಿಲ್ಲೆಯ ಒಕ್ಕಲುತನದ ಮನೆಯವರು. ನಮ್ಮ ಹಿರಿಯ ಮಗಳು 2017ರಲ್ಲಿ ಎರಡನೆಯ ಪಿಯುಸಿ ಮುಗಿಸಿದಳು. ಕರಾವಳಿಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಓದಬೇಕೆಂಬುದು ಅವಳ ಹಂಬಲ. ಅವಳನ್ನು ಕರೆದುಕೊಂಡು ಆ ವರ್ಷದ ಏಪ್ರಿಲಿನಲ್ಲಿ ನಾವು ಕಾಲೇಜನ್ನು ನೋಡಿಬಂದೆವು. ಬಿಸಿಲು ಥಳಥಳಿಸುತ್ತಿತ್ತು. ತೆಂಗಿನ ತೋಟ, ಕೆಂಪು ಹೆಂಚಿನ ಮನೆಗಳು, ಸಂಜೆಗೆ ಸಮುದ್ರ ಎಲ್ಲವೂ ಕಣ್ಣಿಗೆ ಹಬ್ಬವಾಗಿತ್ತು. ವಸತಿಗೃಹದಲ್ಲಿ ಮೇಲಂತಸ್ತಿನ ಒಂದು ಕೋಣೆಯನ್ನು ತೋರಿಸಿದರು. ಬೆಳಕು, ಗಾಳಿ ಧಾರಾಳವಾಗಿದ್ದುವು. ನಮಗೆ ಇನ್ನೇನು ಬೇಕಿತ್ತು?

ಜೂನ್ ಮಧ್ಯದಲ್ಲಿ ಅವಳನ್ನು ಬಿಟ್ಟುಬಂದೆವು. ಮೊದಲ ವಾರ ಅವಳ ಮಾತಿನಲ್ಲಿ ಉತ್ಸಾಹ ತುಂಬಿತ್ತು. ಇಂಥ ಮಳೆಯನ್ನು ಅವಳು ಹುಟ್ಟಿದಾರಭ್ಯ ಕಂಡಿರಲಿಲ್ಲ. ಎರಡನೆಯ ವಾರ ಮಾತು ಕಡಿಮೆಯಾಯಿತು. ಮೂರನೆಯ ವಾರ ಒಂದು ರಾತ್ರಿ ದೂರವಾಣಿಯಲ್ಲಿ ‘ಇಲ್ಲಿ ಸೂರ್ಯನೇ ಇಲ್ಲ. ನನಗೆ ಏನೂ ಮಾಡಬೇಕೆನಿಸುವುದಿಲ್ಲ’ ಎಂದಳು.

ನಾವು ನಕ್ಕುಬಿಟ್ಟೆವು. ನಕ್ಕುದಷ್ಟೇ ಅಲ್ಲ, ಅವಳಿಗೆ ಬುದ್ಧಿವಾದವನ್ನೂ ಹೇಳಿದೆವು. ಅದರ ಹಿಂದಿನ ವರ್ಷ ನಮ್ಮ ಕಡೆ ಬರಗಾಲ. ಆ ವರ್ಷವೂ ಮಳೆ ಹಿಡಿಯುವುದೋ ಇಲ್ಲವೋ ಎಂಬ ಚಿಂತೆಯಲ್ಲಿ ಊರಿಗೆ ಊರೇ ಇತ್ತು. ‘ಇಲ್ಲಿ ಒಂದು ಹನಿಗಾಗಿ ಜನ ಬಾಯಿ ಬಿಡುತ್ತಿದ್ದಾರೆ. ನೀನು ಮಳೆಯನ್ನು ದೂರುತ್ತೀಯಲ್ಲ!’ ಎಂದು ನಾವು ಗದರಿದೆವು. ಅಂದಿನಿಂದ ಮಗಳು ಮಳೆಯ ಮಾತನ್ನೇ ಎತ್ತಲಿಲ್ಲ. ರೂಢಿಯಾಗಿರಬೇಕೆಂದು ನಾವು ಸಮಾಧಾನಪಟ್ಟುಕೊಂಡೆವು.

ನಮ್ಮ ತಪ್ಪಿನ ಮೂಲ ಇಲ್ಲಿಯೇ ಇದೆ. ಬಯಲುಸೀಮೆಯವರಾದ ನಮಗೆ ಮಳೆಯೆಂದರೆ ವರ. ವರವನ್ನು ಯಾರಾದರೂ ಭಾರವೆಂದರೆ ಅದು ನಮ್ಮ ಕಿವಿಗೆ ಕೃತಘ್ನತೆಯಂತೆ ಕೇಳಿಸುತ್ತದೆ. ಮಗಳು ದೂರಿದ್ದು ಮಳೆಯನ್ನಲ್ಲ, ತನ್ನೊಳಗೆ ಕವಿದ ಮೋಡವನ್ನು ಎಂಬುದು ನಮಗೆ ಹೊಳೆಯಲಿಲ್ಲ.

ಜುಲೈ ಕೊನೆಗೆ ಪಂಚಮಿ ಹಬ್ಬಕ್ಕೆ ಅವಳು ಮನೆಗೆ ಬಂದಳು. ಮುಖ ಇಳಿದುಹೋಗಿತ್ತು. ಕಾಲ್ಬೆರಳುಗಳ ಸಂದಿನಲ್ಲಿ ಹುಣ್ಣು. ಚೀಲ ಬಿಚ್ಚಿದರೆ ಬಟ್ಟೆಗಳಿಂದ ಮುಗ್ಗಲು ವಾಸನೆ. ಎರಡು ದಿನ ಮಲಗಿದಳು, ಎಚ್ಚರವಿದ್ದಾಗಲೆಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ ಕುಳಿತಳು. ಓಣಿಯ ಹುಡುಗಿಯರೆಲ್ಲ ಜೋಕಾಲಿಗೆ ಕರೆದರೂ ಏಳಲಿಲ್ಲ. ಹೊರಡುವ ದಿನ ಬಂದಾಗ ‘ನಾನು ಹೋಗುವುದಿಲ್ಲ’ ಎಂದುಬಿಟ್ಟಳು.

ಮನೆಯಲ್ಲಿ ಎರಡು ಪಕ್ಷಗಳಾದುವು. ಅಜ್ಜಿ ಕಳುಹಿಸಬೇಡಿರೆಂದರು. ಚಿಕ್ಕಪ್ಪ, ಕಟ್ಟಿದ ಶುಲ್ಕ ಹೋಗುವುದೆಂದೂ ಒಂದು ವರ್ಷ ಹಾಳಾಗುವುದೆಂದೂ ವಾದಿಸಿದರು. ಕೊನೆಗೆ ನಾವು ದಂಪತಿಗಳು ಒಂದು ಮಾತು ಕೊಟ್ಟೆವು. ‘ನಿನ್ನೊಡನೆ ನಾವೂ ಬರುತ್ತೇವೆ. ಎಂಟು ದಿನ ಅಲ್ಲಿ ಇದ್ದು ನೋಡುತ್ತೇವೆ. ಆಗದೆಂದು ನಮಗೂ ಅನಿಸಿದರೆ ಮೂವರೂ ತಿರುಗಿ ಬರೋಣ.’

ಕಾಲೇಜಿನ ಸಮೀಪ ಒಂದು ಮನೆಯಲ್ಲಿ ಬಾಡಿಗೆಗೆ ಕೋಣೆ ದೊರೆಯಿತು. ಮಗಳ ಕೋಣೆಯನ್ನು ನೋಡಿದಾಗ ನಮಗೆ ಮಾತೇ ಹೊರಡಲಿಲ್ಲ. ಏಪ್ರಿಲಿನಲ್ಲಿ ನಾವು ಕಂಡ ಮೇಲಂತಸ್ತಿನ ಕೋಣೆ ಅದಾಗಿರಲಿಲ್ಲ. ನೆಲಮಹಡಿಯ ಹಿಂಬದಿಯ ಕೋಣೆ, ಕಿಟಕಿಯಾಚೆ ಕೆಂಪು ಕಲ್ಲಿನ ದಿಬ್ಬ, ಅದರ ಮೇಲೆ ದಟ್ಟವಾದ ಹಲಸಿನ ಮರ. ನಡುಹಗಲಿನಲ್ಲಿಯೂ ದೀಪ ಹಾಕಬೇಕು. ಗೋಡೆಯ ಬುಡದಲ್ಲಿ ಹಸಿರು ಪಾಚಿ. ಒಗೆದ ಬಟ್ಟೆಗಳೆಲ್ಲ ಮಂಚಗಳ ನಡುವೆ ಕಟ್ಟಿದ ಹಗ್ಗದ ಮೇಲೆಯೇ ತೂಗುತ್ತಿದ್ದುವು. ಎರಡನೆಯ ದಿನ ನಮ್ಮ ಬಟ್ಟೆಗಳೂ ಒಣಗಲಿಲ್ಲ. ನಾಲ್ಕನೆಯ ದಿನದ ಹೊತ್ತಿಗೆ ಹೊರಗೆ ಹೋಗುವ ಮನಸ್ಸಿಲ್ಲದೆ, ಒಳಗೆ ಕೂರುವ ಮನಸ್ಸೂ ಇಲ್ಲದೆ ನಾವೂ ಕಾರಣವಿಲ್ಲದೆ ಒಬ್ಬರ ಮೇಲೊಬ್ಬರು ಸಿಡುಕತೊಡಗಿದ್ದೆವು. ಮಗಳು ಆರು ವಾರಗಳ ಕಾಲ ಒಬ್ಬಳೇ ಅನುಭವಿಸಿದ್ದನ್ನು ನಾವು ನಾಲ್ಕು ದಿನಕ್ಕೆ ಇಬ್ಬರಿದ್ದೂ ತಡೆಯಲಾರದಾದೆವು.

ಅಂದು ನಾವು ಅವಳ ಮುಂದೆ ಕುಳಿತು ‘ನೀನು ಹೇಳಿದ್ದು ನಿಜ, ನಾವು ನಗಬಾರದಿತ್ತು’ ಎಂದೆವು. ಅವಳು ಬಹಳ ಹೊತ್ತು ಅತ್ತಳು. ಆ ಮೇಲೆ ಮೊದಲ ಬಾರಿಗೆ ಹೊಟ್ಟೆ ತುಂಬ ಊಟ ಮಾಡಿದಳು.

ಮರುದಿನದಿಂದ ಕೆಲಸಕ್ಕೆ ತೊಡಗಿದೆವು. ಕೋಣೆ ಬದಲಿಸಿಕೊಡಲು ವಸತಿಗೃಹದವರು ಮೊದಲಿಗೆ ಒಪ್ಪಲಿಲ್ಲ, ಮೂರು ಸಲ ಕೇಳಿದ ಮೇಲೆ ಮೇಲಂತಸ್ತಿನಲ್ಲಿ ಪೂರ್ವಕ್ಕೆ ಕಿಟಕಿಯಿದ್ದ ಕೋಣೆಯೊಂದರಲ್ಲಿ ಜಾಗ ಮಾಡಿಕೊಟ್ಟರು. ನಮಗೆ ಬಾಡಿಗೆಗೆ ಕೋಣೆ ಕೊಟ್ಟ ಮನೆಯ ಯಜಮಾನಿ ಹಿರಿಯರು. ‘ಮಳೆ ನಿಲ್ಲಲಿ ಎಂದು ಕಾಯುತ್ತ ಕುಳಿತರೆ ನಮ್ಮೂರಿನಲ್ಲಿ ಯಾರೂ ಬದುಕಲಾರರು. ಕೊಡೆ ಹಿಡಿದು ಹೊರಗೆ ನಡೆಯಬೇಕು’ ಎಂದು ಹೇಳಿ, ತಾವೇ ಮಗಳನ್ನು ಬೆಳಿಗ್ಗೆ ಜೊತೆಗೆ ಕರೆದುಕೊಂಡು ಹೋದರು. ಬಟ್ಟೆಯನ್ನು ಹೇಗೆ ಹಿಂಡಬೇಕು, ಯಾವ ಹೊತ್ತಿನಲ್ಲಿ ಕಿಟಕಿ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನೆಲ್ಲ ಕಲಿಸಿದರು. ನಾವು ಹೊರಡುವಾಗ ಮಗಳಿಗೆ ಹೇಳಿದ್ದು ಇಷ್ಟೇ: ‘ದಸರೆಯವರೆಗೆ ನೋಡು. ಆಗಲೂ ಬೇಡವೆನಿಸಿದರೆ ಒಂದು ಮಾತನ್ನೂ ಆಡದೆ ಕರೆದುಕೊಂಡು ಹೋಗುತ್ತೇವೆ.’

ದಸರೆಯ ಹೊತ್ತಿಗೆ ಮಳೆ ಇಳಿಯಿತು. ಅವಳು ಮನೆಗೆ ಬಂದಳು, ತಾನಾಗಿಯೇ ಮರಳಿ ಹೋದಳು. ಮರುವರ್ಷ, 2018ರ ಆಗಸ್ಟ್ ಮಧ್ಯದಲ್ಲಿ, ಕೊಡಗಿನಲ್ಲಿ ಬೆಟ್ಟಗಳು ಕುಸಿದುವು. ಶಿರಾಡಿ ಘಾಟಿಯ ರಸ್ತೆಯೂ ಸಕಲೇಶಪುರ–ಸುಬ್ರಹ್ಮಣ್ಯದ ರೈಲುಮಾರ್ಗವೂ ಮುಚ್ಚಿಹೋದುವು. ಸರಿಯಾಗಿ ಪಂಚಮಿಯ ದಿನಗಳವು. ಅವಳು ಊರಿಗೆ ಬರುವಂತಿರಲಿಲ್ಲ. ಗಾಬರಿಯಿಂದ ಕರೆ ಮಾಡಿದರೆ, ನಾವು ಮೊದಲೇ ಕಳುಹಿಸಿದ್ದ ಉಂಡಿಗಳನ್ನು ಗೆಳತಿಯರಿಗೆ ಹಂಚುತ್ತಿದ್ದಳು. ‘ಇಲ್ಲಿ ಎಲ್ಲ ಸುರಕ್ಷಿತವಾಗಿದೆ, ನೀವು ಹೆದರಬೇಡಿ’ ಎಂದು ನಮಗೇ ಧೈರ್ಯ ಹೇಳಿದಳು. ಇಂದಿಗೂ ಅವಳನ್ನು ಕೇಳಿದರೆ ಮಳೆ ಇಷ್ಟವಾಯಿತೆಂದು ಹೇಳುವುದಿಲ್ಲ, ಮಳೆಯಲ್ಲಿ ಬದುಕುವುದು ಗೊತ್ತಾಯಿತು ಎನ್ನುತ್ತಾಳೆ.

ಬೆಳಕಿನ ಲೆಕ್ಕ

ಮೋಡ ಕವಿದ ದಿನಗಳಲ್ಲಿ ಮನಸ್ಸು ಕುಗ್ಗುವುದು ದುರ್ಬಲತೆಯ ಲಕ್ಷಣವಲ್ಲ. ನಮ್ಮ ದೇಹದಲ್ಲಿ ನಿದ್ರೆ ಎಚ್ಚರಗಳನ್ನು ನಡೆಸುವ ಒಂದು ಒಳಗಡಿಯಾರವಿದೆ. ಕಣ್ಣಿಗೆ ಬೀಳುವ ಬೆಳಕನ್ನು ಅನುಸರಿಸಿ ಅದು ತನ್ನನ್ನು ಪ್ರತಿದಿನವೂ ಸರಿಪಡಿಸಿಕೊಳ್ಳುತ್ತದೆ. ಮುಂಜಾನೆಯ ಬೆಳಕು ಸಾಲದಾದಾಗ ನಿದ್ರೆಯ ಹೊತ್ತು ಏರುಪೇರಾಗಿ ಹಗಲಿನಲ್ಲಿ ಮಂಕು ಕವಿಯುತ್ತದೆ. ಉತ್ತರದ ಶೀತದೇಶಗಳಲ್ಲಿ ಚಳಿಗಾಲದ ಕಿರುಹಗಲುಗಳಲ್ಲಿ ಕೆಲವರಿಗೆ ಬರುವ ಖಿನ್ನತೆಯನ್ನು 1984ರಲ್ಲಿ ಅಮೆರಿಕದ ನಾರ್ಮನ್ ರೋಸೆಂತಾಲ್ ಮತ್ತು ಅವರ ಸಹೋದ್ಯೋಗಿಗಳು ವಿವರಿಸಿ ಹೆಸರಿಟ್ಟರು. ನಮ್ಮ ಕರಾವಳಿಯ ಸ್ಥಿತಿ ಅದೇ ಅಲ್ಲ. ಇಲ್ಲಿ ಜುಲೈಯಲ್ಲಿಯೂ ಹಗಲು ಹನ್ನೆರಡು ಗಂಟೆಗಿಂತ ಹೆಚ್ಚೇ ಇರುತ್ತದೆ. ಕಡಿಮೆಯಾಗುವುದು ಹಗಲಲ್ಲ, ಅದರ ಪ್ರಖರತೆ.

ಇಲ್ಲೊಂದು ಲೆಕ್ಕವನ್ನು ಗಮನಿಸಬೇಕು. ಬೆಳಕನ್ನು ಅಳೆಯುವ ಮಾನ ಲಕ್ಸ್. ನೆತ್ತಿಯ ಬಿಸಿಲಿನಲ್ಲಿ ಅದು ಒಂದು ಲಕ್ಷದ ಸಮೀಪ ಇರುತ್ತದೆ. ಮೋಡ ಮುಸುಕಿದ ಹಗಲಿನಲ್ಲಿ ಹೊರಗೆ ನಿಂತರೂ ಕೆಲವು ಸಾವಿರ ದೊರೆಯುತ್ತದೆ. ವಿದ್ಯುದ್ದೀಪ ಹಾಕಿದ ಕೋಣೆಯೊಳಗಾದರೋ ಸಾಮಾನ್ಯವಾಗಿ ಕೆಲವು ನೂರನ್ನು ಮೀರುವುದಿಲ್ಲ. ಎಂದರೆ ‘ಬಿಸಿಲಿಲ್ಲ’ ಎಂದು ಒಳಗೆ ಕುಳಿತವನು ಇದ್ದ ಬೆಳಕನ್ನೂ ಕಳೆದುಕೊಳ್ಳುತ್ತಾನೆ. ಕೊಡೆ ಹಿಡಿದು ನಡೆಯಬೇಕೆಂದು ಆ ಹಿರಿಯ ಯಜಮಾನಿ ಹೇಳಿದ ಮಾತು ಶಾಸ್ತ್ರಕ್ಕೂ ಸರಿಯಾದುದೇ. ಬೆಳಿಗ್ಗೆ ಎದ್ದೊಡನೆ ಅರ್ಧ ಗಂಟೆ ಹೊರಗೆ ನಡೆಯುವುದು, ಕಿಟಕಿಯ ಬಳಿ ಕುಳಿತು ಓದುವುದು, ಪ್ರತಿದಿನವೂ ಒಂದೇ ಹೊತ್ತಿಗೆ ಏಳುವುದು, ಈ ಮೂರು ಅಭ್ಯಾಸಗಳನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಬೇಕು.

ಇನ್ನೊಂದು ಸಂಗತಿ. ಮನೆಯನ್ನು ಮೊದಲ ಬಾರಿಗೆ ಬಿಟ್ಟ ಅಗಲಿಕೆ, ಹೊಸ ಪಾಠಗಳ ಕಷ್ಟ, ಕತ್ತಲು ಕವಿದ ಮಳೆ, ಈ ಮೂರೂ ಒಂದೇ ತಿಂಗಳಿನಲ್ಲಿ ಬಂದು ಬೀಳುತ್ತವೆ. ಯಾವುದರಿಂದ ಯಾವ ನೋವು ಎಂದು ಮಗುವಿಗೇ ತಿಳಿಯುವುದಿಲ್ಲ. ಪ್ರವೇಶ ತಡವಾಗಿ ತರಗತಿಗಳು ಮಳೆ ಮುಗಿಯುವಾಗ ಆರಂಭವಾದರೆ ಮೊದಲ ವರ್ಷ ಸುಗಮವಾಗಿ ಕಳೆದು, ಪರೀಕ್ಷೆ ಎರಡನೆಯ ವರ್ಷದ ಜೂನಿನಲ್ಲಿ ಎದುರಾಗುವುದೂ ಉಂಟು. ತಾಯ್ತಂದೆಗಳು ಎರಡೂ ಕಾಲದಲ್ಲಿ ಎಚ್ಚರದಿಂದಿರಬೇಕು.

ಬೇಸರವು ಎರಡು ವಾರಗಳನ್ನು ಮೀರಿ ಉಳಿದರೆ, ಊಟ ನಿದ್ರೆಗಳು ಕೆಟ್ಟರೆ, ತರಗತಿಗೆ ಹೋಗುವುದೇ ನಿಂತರೆ ವೈದ್ಯರನ್ನು ಕಾಣುವುದಕ್ಕೆ ಸಂಕೋಚಪಡಬಾರದು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ, 14416, ಉಚಿತವಾಗಿದೆ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಆರೋಗ್ಯದ ನಾಲ್ಕು ಮಾತು

ಮಳೆ ನಾಡಿನಲ್ಲಿ ಬಯಲುಸೀಮೆಯವರನ್ನು ಮೊದಲು ಕಾಡುವುದು ಚರ್ಮದ ಶಿಲೀಂಧ್ರ. ಒದ್ದೆ ಕಾಲುಚೀಲ, ಅರ್ಧ ಒಣಗಿದ ಒಳಉಡುಪು ಇದಕ್ಕೆ ಕಾರಣ. ಕಾಲನ್ನು ತೊಳೆದು ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಿಕೊಳ್ಳುವುದು, ಮಳೆಗಾಲದಲ್ಲಿ ಮುಚ್ಚಿದ ಬೂಟುಗಳ ಬದಲು ಗಾಳಿಯಾಡುವ ಪಾದರಕ್ಷೆ ಧರಿಸುವುದು ಒಳ್ಳೆಯದು. ಅಂಗಡಿಯವರು ಕೊಟ್ಟ ಮುಲಾಮನ್ನು ತಿಂಗಳುಗಟ್ಟಲೆ ಹಚ್ಚುವುದು ಹಾನಿಕರ, ವೈದ್ಯರ ಸಲಹೆಯೇ ಕ್ಷೇಮ.

ಕಾಲಿನಲ್ಲಿ ಗಾಯವಿರುವಾಗ ನಿಂತ ನೀರಿನಲ್ಲಿ ನಡೆಯಬಾರದು. ಇಲಿಗಳ ಮೂತ್ರ ಬೆರೆತ ನೀರಿನಿಂದ ಹರಡುವ ಇಲಿಜ್ವರ ಕರಾವಳಿಯಲ್ಲಿ ಮಳೆಗಾಲದ ಪರಿಚಿತ ಕಾಯಿಲೆ. ಡೆಂಗೀ, ಮಲೇರಿಯಾಗಳಿಂದಾಗಿ ಸೊಳ್ಳೆಪರದೆ ಬೇಕೇಬೇಕು. ಜ್ವರ ಬಂದರೆ ‘ಮಳೆಯಲ್ಲಿ ನೆನೆದದ್ದಕ್ಕೆ’ ಎಂದು ತಾವೇ ತೀರ್ಮಾನಿಸದೆ ರಕ್ತ ಪರೀಕ್ಷೆ ಮಾಡಿಸಲು ಮಕ್ಕಳಿಗೆ ತಿಳಿಸಬೇಕು. ಮಲೆನಾಡಿನ ಇಂಬಳಗಳನ್ನು ಕಂಡು ನಮ್ಮ ಮಕ್ಕಳು ಬೆಚ್ಚುತ್ತಾರೆ. ಅದು ಕಚ್ಚಿದಲ್ಲಿ ರಕ್ತ ಸ್ವಲ್ಪ ಹೊತ್ತು ಒಸರುತ್ತದೆ. ಕಚ್ಚಿದ ಜಾಗವನ್ನು ತೊಳೆದು ಒತ್ತಿ ಹಿಡಿದರೆ ಸಾಕು, ಭಯಪಡಬೇಕಾದುದಿಲ್ಲ.

ಆಯ್ಕೆಗೆ ಮುನ್ನ ಕೇಳಬೇಕಾದುದು

ಮಳೆ ನಾಡಿನ ಕಾಲೇಜನ್ನು ಮಳೆಯಲ್ಲಿಯೇ ನೋಡಬೇಕು. ಇದು ನಮ್ಮ ಅನುಭವದ ಮೊದಲ ಮಾತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮುಂದೆ ಕಾಲೇಜುಗಳ ಆದ್ಯತೆಯನ್ನು ನಮೂದಿಸುವ ಹೊತ್ತಿನಲ್ಲಿ ಊರೂರು ತಿರುಗುವಷ್ಟು ಕಾಲಾವಕಾಶ ಇರುವುದಿಲ್ಲ. ಆದುದರಿಂದ ಮಗು ಎರಡನೆಯ ಪಿಯುಸಿಯಲ್ಲಿರುವಾಗಲೇ, ಅಂದರೆ ಹಿಂದಿನ ವರ್ಷದ ಜುಲೈಯಲ್ಲಿ, ಎರಡು ದಿನ ಅಲ್ಲಿ ಇದ್ದು ಬರುವುದು ಉತ್ತಮ. ಪ್ರವಾಸಿಗರಂತೆ ಅಲ್ಲ. ಒಂದು ಜೊತೆ ಬಟ್ಟೆಯನ್ನು ಒಗೆದು ಒಣಗಿಸಿ ನೋಡಬೇಕು. ವಸತಿಗೃಹದಿಂದ ತರಗತಿಗೆ ಮಳೆಯಲ್ಲಿ ನಡೆದು ನೋಡಬೇಕು.

ವಸತಿಗೃಹದವರನ್ನು ಕೇಳಬೇಕಾದ ಪ್ರಶ್ನೆಗಳೂ ಬೇರೆ. ನೋಡಿದ ಕೋಣೆಯೇ ದೊರೆಯುವುದೇ? ಇಲ್ಲವಾದರೆ ಮೊದಲ ವರ್ಷದವರಿಗೆ ಕೊಡುವ ಕೋಣೆ ಯಾವುದು? ಕಿಟಕಿ ಯಾವ ದಿಕ್ಕಿಗಿದೆ? ಬಟ್ಟೆ ಒಣಗಿಸಲು ಮೇಲ್ಛಾವಣಿಯುಳ್ಳ ಗಾಳಿಯಾಡುವ ಜಾಗವಿದೆಯೇ? ವಿದ್ಯುತ್ ಹೋದಾಗ ಏನು ವ್ಯವಸ್ಥೆ? ಮಳೆಗಾಲದಲ್ಲಿ ಆಡಲು ಒಳಾಂಗಣವಿದೆಯೇ? ಈ ಕೊನೆಯ ಪ್ರಶ್ನೆಯನ್ನು ಹಗುರವಾಗಿ ಎಣಿಸಬಾರದು. ನಾಲ್ಕು ತಿಂಗಳು ಮೈದಾನ ಕೆಸರಾಗಿರುವಾಗ ಮಕ್ಕಳು ಒಬ್ಬರನ್ನೊಬ್ಬರು ಕಾಣುವ ಜಾಗವೇ ಅದು. ಮಳೆಗಿಂತ ಹೆಚ್ಚಾಗಿ ಮನಸ್ಸನ್ನು ಮುರಿಯುವುದು ಒಂಟಿತನ.

ಘಟ್ಟದ ದಾರಿಗಳ ವಿಷಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶಿರಾಡಿ, ಚಾರ್ಮಾಡಿ, ಆಗುಂಬೆಗಳಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದುಂಟು. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜೀವಹಾನಿಯಾದುದು ಎಲ್ಲರಿಗೂ ನೆನಪಿದೆ. ಹಬ್ಬಕ್ಕೆ ಬರಲೇಬೇಕೆಂದು ಮಕ್ಕಳನ್ನು ಒತ್ತಾಯಿಸದಿರುವುದು ಹಿರಿಯರ ವಿವೇಕ. ಒಂದು ಪಂಚಮಿ ತಪ್ಪಿದರೆ ಮುಂದಿನ ಪಂಚಮಿ ಬರುತ್ತದೆ.

ಪೆಟ್ಟಿಗೆಯಲ್ಲಿ ಏನಿರಬೇಕು

ನಾವು ಮೊದಲ ಸಲ ಕಳುಹಿಸಿದ್ದು ನಾಲ್ಕು ಜೊತೆ ದಪ್ಪ ಬಟ್ಟೆ, ಒಂದು ಕಂಬಳಿ, ಒಂದು ಡಬ್ಬಿ ಕಟಕ ರೊಟ್ಟಿ. ದಪ್ಪ ಬಟ್ಟೆ ಒಣಗಲಿಲ್ಲ. ಕಂಬಳಿ ಮುಗ್ಗಿತು. ನಮ್ಮ ಕಡೆ ತಿಂಗಳುಗಟ್ಟಲೆ ಗರಿಗರಿಯಾಗಿರುವ ರೊಟ್ಟಿ ಅಲ್ಲಿ ಡಬ್ಬಿ ತೆರೆದ ಎರಡನೆಯ ದಿನವೇ ಮೆತ್ತಗಾಗಿ, ವಾರದೊಳಗೆ ಬೂಸಲು ಹಿಡಿಯಿತು.

ಅದರಿಂದ ಕಲಿತದ್ದು ಇಷ್ಟು. ಬೇಗ ಒಣಗುವ ತೆಳುವಾದ ಬಟ್ಟೆಗಳು, ಎಂದಿಗಿಂತ ಎರಡು ಜೊತೆ ಹೆಚ್ಚಿಗೆ. ಅಗಲವಾದ ಗಟ್ಟಿ ಕೊಡೆ. ಮಳೆಯಂಗಿ. ಪುಸ್ತಕಗಳಿಗೆ ನೀರು ತಾಗದ ಚೀಲ. ವಸತಿಗೃಹದಲ್ಲಿ ಅನುಮತಿಯಿದ್ದರೆ ಇಸ್ತ್ರಿಪೆಟ್ಟಿಗೆ. ಮೂಲ ಅಂಕಪಟ್ಟಿಗಳನ್ನು ಅಲ್ಲಿ ಇಡದೆ, ಕೆಲಸ ಮುಗಿದೊಡನೆ ಮನೆಗೆ ತಂದಿಡುವುದು ಕ್ಷೇಮ. ರೊಟ್ಟಿ ಕಳುಹಿಸುವುದಾದರೆ ನಾಲ್ಕೈದರಂತೆ ಬೇರೆಬೇರೆ ಗಾಳಿಯಾಡದ ಪೊಟ್ಟಣಗಳಲ್ಲಿ ಕಟ್ಟಬೇಕು. ಶೇಂಗಾ ಹಿಂಡಿ, ಅಗಸಿ ಹಿಂಡಿಗಳನ್ನು ಗಾಜಿನ ಸಣ್ಣ ಶೀಶೆಗಳಲ್ಲಿ, ಒಣಗಿದ ಚಮಚದ ಎಚ್ಚರಿಕೆಯೊಡನೆ. ಮನೆಯ ರುಚಿ ನಾಲಿಗೆಗೆ ಮಾತ್ರವಲ್ಲ, ಮನಸ್ಸಿಗೂ ಆಧಾರ. ಆದರೆ ಅಲ್ಲಿಯ ಕುಚ್ಚಲಕ್ಕಿ ಗಂಜಿಯನ್ನು ಉಣ್ಣಲು ಮಗು ಕಲಿತ ದಿನವೇ ಅದು ಆ ಊರಿನದಾಯಿತೆಂದು ತಿಳಿಯಬೇಕು.

ಬೇಡವೆನ್ನುವುದೂ ತಪ್ಪಲ್ಲ

ಎಲ್ಲರೂ ಸಹಿಸಿಕೊಂಡು ನಿಲ್ಲಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ನಮ್ಮ ಬಂಧುಗಳಲ್ಲಿ ಒಬ್ಬರ ಮಗ ಮಲೆನಾಡಿನ ಕಾಲೇಜಿಗೆ ಸೇರಿದ್ದ. ಅವನಿಗೆ ಚಿಕ್ಕಂದಿನಿಂದ ಉಬ್ಬಸ. ತೇವದ ಗೋಡೆಗಳ ಬೂಸಲು ಉಬ್ಬಸವನ್ನು ಕೆರಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2009ರಲ್ಲಿಯೇ ತೇವ ಮತ್ತು ಬೂಸಲಿನ ಬಗ್ಗೆ ಪ್ರತ್ಯೇಕ ಮಾರ್ಗದರ್ಶಿಯನ್ನು ಹೊರತಂದಿದೆ. ಅವನು ಎರಡು ಮಳೆಗಾಲಗಳನ್ನು ಔಷಧಿಯ ಬಲದಿಂದ ಕಳೆದು, ಕೊನೆಗೆ ಧಾರವಾಡಕ್ಕೆ ಬಂದು ಓದು ಮುಂದುವರಿಸಿದ. ಮೊದಲೇ ಯೋಚಿಸಿದ್ದರೆ ಆ ಎರಡು ವರ್ಷಗಳ ಕಷ್ಟ ತಪ್ಪುತ್ತಿತ್ತು. ಅವನು ಸೋತುಬಂದನೆಂದು ಆಡಿಕೊಂಡವರು ನಮ್ಮಲ್ಲಿಯೇ ಇದ್ದರು. ಅದು ಸೋಲಲ್ಲ. ಉಬ್ಬಸವುಳ್ಳವರು, ಹಿಂದೆ ಖಿನ್ನತೆಗೆ ಚಿಕಿತ್ಸೆ ಪಡೆದವರು ವೈದ್ಯರನ್ನು ಕೇಳಿಯೇ ಊರನ್ನು ಆರಿಸಬೇಕು. ಒಂದು ಮೆಟ್ಟಿಲು ಕೆಳಗಿನ ಕಾಲೇಜಾದರೂ ನೆಮ್ಮದಿಯಿಂದ ಓದಬಹುದಾದ ಊರೇ ಅಂಥವರಿಗೆ ಮೇಲು.

ಕಡಲಾಚೆಗೆ ಹೋಗುವವರಿಗೆ

ಇಂದು ನಮ್ಮ ಮನೆಗಳ ಮಕ್ಕಳು ಉನ್ನತ ವ್ಯಾಸಂಗಕ್ಕೆ ಬ್ರಿಟನ್ನಿಗೂ ಹೋಗುತ್ತಾರೆ. ಮಳೆಗೆ ಹೆಸರಾದ ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು, ಎಂದರೆ ಹೆಚ್ಚುಕಡಿಮೆ ನಮ್ಮ ವಿಜಯಪುರದಷ್ಟೇ ಎಂದರೆ ಆಶ್ಚರ್ಯವಾದೀತು. ವ್ಯತ್ಯಾಸವಿರುವುದು ಅದು ಬೀಳುವ ಬಗೆಯಲ್ಲಿ. ನಮ್ಮಲ್ಲಿ ಕೆಲವೇ ದಿನ ಸುರಿದು ಮುಗಿಯುವುದು ಅಲ್ಲಿ ವರ್ಷವಿಡೀ ತುಂತುರಾಗಿ ಹರಡಿಕೊಳ್ಳುತ್ತದೆ. ಡಿಸೆಂಬರಿನಲ್ಲಿ ಹಗಲು ಎಂಟು ಗಂಟೆಗೂ ಕಡಿಮೆ. ಶರತ್ಕಾಲ ಮತ್ತು ಚಳಿಗಾಲಗಳಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ಡಿ ಜೀವಸತ್ವ ಸೇವಿಸುವುದನ್ನು ಯೋಚಿಸಲು ಅಲ್ಲಿಯ ಆರೋಗ್ಯ ಇಲಾಖೆಯೇ ಜನರಿಗೆ ಸಲಹೆ ಮಾಡುತ್ತದೆ. ಆದುದರಿಂದ ಯಾವ ದೇಶವಾದರೂ ಆಗಲಿ, ‘ಎಷ್ಟು ಮಳೆ?’ ಎಂದು ಕೇಳುವುದಕ್ಕಿಂತ ‘ಎಷ್ಟು ದಿನ ಸೂರ್ಯ ಕಾಣುವುದಿಲ್ಲ?’ ಎಂದು ಕೇಳುವುದು ಸರಿಯಾದ ಪ್ರಶ್ನೆ.

ಕೊನೆಯ ಮಾತು

ಮಳೆಗೆ ಹೆದರಿ ಒಳ್ಳೆಯ ಕಾಲೇಜನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಒಂದು ಮಳೆಗಾಲವನ್ನು ಸರಿಯಾದ ಸಿದ್ಧತೆಯಿಂದ ಕಳೆದವರಿಗೆ ಎರಡನೆಯದು ಅಷ್ಟು ಕಷ್ಟವಲ್ಲ. ಆದರೆ ಆ ಮೊದಲ ಮಳೆಗಾಲದಲ್ಲಿ ಮಗು ಒಂಟಿಯಾಗಬಾರದು. ವಾರಕ್ಕೊಮ್ಮೆ ಅಂಕಗಳನ್ನಷ್ಟೇ ಕೇಳದೆ, ‘ಬಟ್ಟೆ ಒಣಗಿತೇ? ಇಂದು ಹೊರಗೆ ಹೋಗಿದ್ದೆಯಾ? ಯಾರೊಡನೆ ಉಂಡೆ?’ ಎಂದು ಕೇಳಿರಿ. ಅದು ‘ಇಲ್ಲಿ ಸೂರ್ಯನಿಲ್ಲ’ ಎಂದಾಗ ನಗಬೇಡಿರಿ, ಬರಗಾಲದ ಕಥೆ ಹೇಳಿ ಬಾಯಿ ಮುಚ್ಚಿಸಬೇಡಿರಿ.

ಈ ವರ್ಷವೂ ನಮ್ಮ ಸೀಮೆಗೆ ಮಳೆ ಹದವಾಗಿ ಬರಲಿ. ದೂರದ ಮಳೆ ನಾಡಿಗೆ ಓದಲು ಹೊರಟ ಮಕ್ಕಳ ಕಿಟಕಿಗೆ ದಿನಕ್ಕೊಂದಿಷ್ಟು ಬೆಳಕೂ ಬೀಳಲಿ.